ಬಾಯಿ ಬಿಟ್ಟವರು ಯಾರು

ಮಾರ್ಚ್ 3, ಸೋಮವಾರ. ಮಧ್ಯಾಹ್ನ 2.15

ಶಟರ್ ಅರ್ಧ ಎಳೆದಾಗಿದೆ. ಯಜಮಾನರು ಊಟಕ್ಕೆ ಮನೆಗೆ ಹೋದರು. ಇನ್ನೊಂದು ಗಂಟೆ ಈ ಮೆಡಿಕಲ್ ಶಾಪಿಗೆ ನಾನೇ ಮಹಾರಾಣಿ. ಫ್ರಿಜ್ ಟೆಂಪರೇಚರ್ ನೋಡಿದೆ, ಸರಿ ಇದೆ. ಎಕ್ಸ್‌ಪೈರಿ ಆದ ಕೆಮ್ಮಿನ ಸಿರಪ್ಪೆಲ್ಲ ಡಬ್ಬಕ್ಕೆ ತುಂಬಿ ಕಟ್ಟಿಟ್ಟೆ. ಮೀಸೆ ಹೊರಗೆ ಮೆಟ್ಟಿಲ ಮೇಲೆ ಕೂತು ಫೋನಿನಲ್ಲಿ ಮುಳುಗಿದ್ದಾನೆ. ಮೀಸೆ ಅಂದರೆ ಹೊಸ ಸೇಲ್ಸ್‌ಮನ್. ಒಳಗೆ ಬರುವಾಗ ಅವನಿಗಿಂತ ಮೊದಲು ಅದೇ ಬರುತ್ತದೆ. ಮಾತು ಕಡಿಮೆ. ಮಾತು ಕಡಿಮೆ ಇರುವವರನ್ನು ನಾನು ನಂಬುವುದಿಲ್ಲ. ಜಾಸ್ತಿ ಇರುವವರನ್ನೂ ನಂಬುವುದಿಲ್ಲ ಅಂತ ನನ್ನ ಗಂಡ ರೇಗಿಸುತ್ತಾರೆ. ರೇಗಿಸಲಿ. ಔಷಧಿ ಅಂಗಡಿಯಲ್ಲಿ ಹದಿನಾಲ್ಕು ವರ್ಷ ನಿಂತವಳಿಗೆ ಅನುಮಾನ ಬರದಿದ್ದರೆ ಯಾರಿಗೆ ಬರಬೇಕು?

ಯಜಮಾನರ ಹೊಸ ಹುಕುಂ — ಬಸಿರು ತಡೆಯುವ ಎಮರ್ಜೆನ್ಸಿ ಮಾತ್ರೆ ಇನ್ನು ಶೆಲ್ಫಿನಲ್ಲಿ ಇಡಕೂಡದು. ಅವರ ಡ್ರಾಯರ್‌ನಲ್ಲಿ, ರಬ್ಬರ್ ಸ್ಟಾಂಪಿನ ಹಿಂದೆ. "ಬಾಯಿಬಿಟ್ಟು ಕೇಳಿದವರಿಗೆ ಮಾತ್ರ ಕೊಡಿ. ನಮ್ಮದು ಮರ್ಯಾದಸ್ಥರ ಅಂಗಡಿ." ಕಾಂಡೋಮ್ ಮಾತ್ರ ಚಾಕೊಲೇಟ್ ಪಕ್ಕ ರಾಜಾರೋಷವಾಗಿ ನಿಂತಿದೆ. ಅದು ಗಂಡಸರ ಸರಕು, ಅದಕ್ಕೆ ಮರ್ಯಾದೆಯ ತೊಂದರೆ ಇಲ್ಲ.

ಈಗಷ್ಟೇ ಟೈಲರಕ್ಕ ಬಂದು ಹೋದಳು. ರಸ್ತೆಯ ಆಚೆ ಬದಿ, ನಮ್ಮ ಎದುರಿಗೇ ಅವಳ ಹೊಲಿಗೆ ಅಂಗಡಿ. ತಲೆನೋವಿನ ಮಾತ್ರೆ ಕೇಳಿದಳು. ಕೊಟ್ಟೆ. ಹೋಗಲಿಲ್ಲ. ಶುಗರ್ ಮಾತ್ರೆಗೆ ಬಂದಿದ್ದ ಮುದುಕರು ಚಿಲ್ಲರೆ ಎಣಿಸಿ ಮುಗಿಸುವ ತನಕ ತೂಕದ ಮಷೀನ್ ಹತ್ತಿದಳು, ಇಳಿದಳು, ಮತ್ತೆ ಹತ್ತಿದಳು. ಆಮೇಲೆ ಮೆಲ್ಲಗೆ —

"ಮೇಡಂ... ಅದು ಇದೆಯಾ?"

ಅದು ಅಂದರೆ ಅದೇ. ಈ ಅಂಗಡಿಯಲ್ಲಿ ಹೆಸರಿಲ್ಲದ ಔಷಧಿ ಅದೊಂದೇ.

"ಯಾವಾಗ ಆಗಿದ್ದು?"

"ನಿನ್ನೆ."

"ಹಾಗಾದ್ರೆ ಈಗಲೇ ತಗೊಳ್ಳಿ. ಬೇಗ ತಗೊಂಡಷ್ಟೂ ಒಳ್ಳೇದು. ಮೂರು ದಿನ ಟೈಮಿದೆ ಅಂತ ಮೂರನೇ ದಿನಕ್ಕೆ ಕಾಯ್ಬೇಡಿ."

"ಇದ್ರಿಂದ ಒಳಗಿರೋದು... ಪಾಪ ಗೀಪ ಏನೂ..."

"ಒಳಗೆ ಇನ್ನೂ ಏನೂ ನಿಂತಿಲ್ಲ ಅಕ್ಕ. ನಿಲ್ಲದ ಹಾಗೆ ನೋಡ್ಕೊಳ್ಳೋದು ಇದರ ಕೆಲಸ. ನಿಂತುಬಿಟ್ಟಿದ್ರೆ ಇದೇನೂ ಮಾಡಲ್ಲ."

ಉಸಿರು ಬಿಟ್ಟಳು. "ಎರಡು ಮಕ್ಕಳು ಸಾಕು ಮೇಡಂ ನಂಗೆ. ಅವ್ರಿಗೆ ಇನ್ನೊಂದು ಬೇಕಂತೆ. ಹೊಲಿಯೋಳೂ ನಾನೇ, ಹೆರೋಳೂ ನಾನೇ, ಬೇಕು ಅನ್ನೋಕೆ ಮಾತ್ರ ಅವ್ರು."

ಇಲ್ಲೇ ನುಂಗಲಿ ಅಂತ ನೀರಿನ ಬಾಟಲಿ ಎತ್ತುವಷ್ಟರಲ್ಲಿ ಇಬ್ಬರು ಗಂಡಸರು ಒಳಗೆ ಬಂದರು. ಕವರನ್ನು ಕೈಚೀಲಕ್ಕೆ ತುರುಕಿಕೊಂಡು ಹೊರಟೇಬಿಟ್ಟಳು, ನೇರ ಮನೆಗೆ. ಬಿಲ್ ಹಾಕಿದೆ. ಹೊಸ ಬಿಲ್ಲಿಂಗ್ ಕಂಪ್ಯೂಟರ್‌ಗೆ ಫೋನ್ ನಂಬರ್ ಕೊಡದೆ ಬಿಲ್ಲೇ ಹೊರಡದು. ಪಾಯಿಂಟ್ ಸೇರುತ್ತದಂತೆ. ಯಜಮಾನರ ಭಾವಮೈದ ತಂದು ಕೂರಿಸಿದ ಭಾಗ್ಯ ಅದು. ನನಗೇನು? ಈ ರಸ್ತೆಯ ಎಲ್ಲ ಮನೆಗಳ ನಂಬರೂ ಬಾಯಿಪಾಠ, ಯಾರನ್ನೂ ಕೇಳುವುದಿಲ್ಲ. "ನಿಮ್ಮ ತಲೆ ಇರೋವಾಗ ಕಂಪ್ಯೂಟರ್ ಯಾಕೆ ತಂದೆನೋ" ಅಂತ ಯಜಮಾನರೇ ಅಂದಿದ್ದಾರೆ.

ಮಾರ್ಚ್ 4, ಮಂಗಳವಾರ

ಟೈಲರಕ್ಕನ ಅಂಗಡಿ ಬಾಗಿಲು ಹಾಕಿದೆ. ಮಾತ್ರೆಗೆ ವಾಂತಿ ಬಂದಿರಬಹುದು. ಕೆಲವರಿಗೆ ಬರುತ್ತದೆ.

ಮಾರ್ಚ್ 6, ಗುರುವಾರ. ಸಂಜೆ

ಇವತ್ತು ಬಾಗಿಲು ತೆಗೆದಿತ್ತು. ಅಂಗಡಿಯ ಬಿಳಿ ಕೋಟಿನ ಗುಂಡಿ ಬಿದ್ದಿದೆ ಅನ್ನುವ ನೆಪ ಮಾಡಿಕೊಂಡು ಹೋದೆ. ತುಟಿ ಒಡೆದಿದೆ. ಗಾಯ ಒಣಗುತ್ತಿದೆ. ನನ್ನ ಮುಖ ನೋಡಲಿಲ್ಲ. ಗುಂಡಿ ಹಾಕಿ, ದಾರ ಹಲ್ಲಿನಲ್ಲಿ ಕಚ್ಚಿ ತುಂಡು ಮಾಡಿ, ಕೋಟು ಕೊಟ್ಟಳು.

"ನಿಮ್ಮಲ್ಲಿ ಯಾರು ಹೇಳಿದ್ದು?"

"ಏನು?"

"ನಾನು ಹೊಸ್ತಿಲು ದಾಟೋಕೆ ಮುಂಚೆ ಅವ್ರಿಗೆ ಗೊತ್ತಿತ್ತು. 'ಚೀಲ ಬಿಚ್ಚು' ಅಂದ್ರು. ಮಾತ್ರೆ ಹೆಸರು ಹೇಳಿದ್ರು ಮೇಡಂ. ನಂಗೇ ಗೊತ್ತಿಲ್ಲದ ಹೆಸರು. ಬಚ್ಚಲಿಗೆ ಹಾಕಿ ನೀರು ಬಿಟ್ರು."

ಹೇಳಿದೆ — ಇನ್ನೂ ಪೂರ್ತಿ ತಡ ಆಗಿಲ್ಲ, ಐದನೇ ದಿನದ ತನಕ ಅಷ್ಟಿಷ್ಟು ಕೆಲಸ ಮಾಡುವುದುಂಟು, ಈಗಲೇ ತರುತ್ತೇನೆ, ನನ್ನ ಕಣ್ಣೆದುರೇ ನುಂಗಿ.

"ಬೇಡ. ನಿಮ್ಮ ಅಂಗಡಿದು ಏನೂ ಬೇಡ."

ಹೊಲಿಗೆ ಮಷೀನ್ ತುಳಿಯತೊಡಗಿದಳು. ನಾನು ಅಲ್ಲಿ ಇಲ್ಲವೇ ಇಲ್ಲ ಅನ್ನುವ ಹಾಗೆ.

ಮಾರ್ಚ್ 7, ಶುಕ್ರವಾರ. ಮಧ್ಯಾಹ್ನ

ತಲೆ ಅಲ್ಲೇ ಗಿರಗಿರ. ಸೋಮವಾರ ಆ ಹೊತ್ತಿಗೆ ಅಂಗಡಿಯಲ್ಲಿದ್ದವರು ಯಾರು? ಯಜಮಾನರು ಊಟಕ್ಕೆ ಹೋಗಿದ್ದರು. ನಾನು. ಕೊನೆಗೆ ಬಂದ ಆ ಇಬ್ಬರು ಗಂಡಸರು ಕವರಿನೊಳಗೆ ಏನಿದೆ ಅಂತ ನೋಡಿಲ್ಲ. ಆಮೇಲೆ ಮೆಟ್ಟಿಲ ಮೇಲೆ ಫೋನ್ ಹಿಡಿದುಕೊಂಡಿದ್ದ ಮೀಸೆ.

ಮಾತ್ರೆಯ ಹೆಸರು ಗೊತ್ತಿರುವವನು. ಅವಳ ಗಂಡ ಯಾರು ಅಂತ ಗೊತ್ತಿರುವವನು. ಇಬ್ಬರೂ ಸಂಜೆ ಅದೇ ಟೀ ಅಂಗಡಿಯಲ್ಲಿ ನಿಲ್ಲುತ್ತಾರೆ, ನಾನೇ ನೋಡಿದ್ದೇನೆ. ಫೋನ್ ಕೈಯಲ್ಲೇ ಇತ್ತು. ಇನ್ನೇನು ಬೇಕು?

ಇವತ್ತು ಇಡೀ ದಿನ ಅವನ ಮೇಲೆ ಕಣ್ಣಿಟ್ಟಿದ್ದೆ. ಹೆಂಗಸರು ಬಂದರೆ ಸಾಕು, ಬೆನ್ನು ತಿರುಗಿಸಿಕೊಂಡು ಶೆಲ್ಫ್ ಒರೆಸುತ್ತಾನೆ. ಅಷ್ಟು ಒರೆಸುವಂಥ ಧೂಳು ಎಲ್ಲಿದೆ?

ಮಾರ್ಚ್ 8, ಶನಿವಾರ

ಪಕ್ಕದ ಕ್ಲಿನಿಕ್ಕಿನ ನರ್ಸಮ್ಮ ಹತ್ತಿ ತೆಗೆದುಕೊಂಡು ಹೋಗಲು ಬಂದವಳು ಗುಟ್ಟಾಗಿ ಹೇಳಿದಳು — "ನಿಮ್ಮ ಅಂಗಡಿಗೆ ಬಾಯಿದೆ ಅಂತ ಹೆಂಗಸ್ರೆಲ್ಲ ಮಾತಾಡ್ಕೋತಿದ್ದಾರೆ ಕಣ್ರೀ. ಹೋದ ತಿಂಗಳೂ ಒಬ್ಬಳಿಗೆ ಹಿಂಗೇ ಆಯ್ತಂತೆ. ಈಗ ಬಸ್ ಹತ್ತಿ ಬೇರೆ ಕಡೆ ಹೋಗ್ತಿದ್ದಾರೆ." ಬಸ್ ಹತ್ತಿ ಹೋಗಲು ಬಿಡುವಿರುವವರು ಹೋಗುತ್ತಾರೆ. ಉಳಿದವರು? ಮೀಸೆ ಸೇರಿದ್ದು ಯಾವಾಗ? ಹೋದ ತಿಂಗಳಿಗೆ ಸ್ವಲ್ಪ ಮುಂಚೆ. ಲೆಕ್ಕ ಸರಿಹೋಯಿತು.

ಮಾರ್ಚ್ 10, ಸೋಮವಾರ. ಮಧ್ಯಾಹ್ನ 2.30

ಬಲೆ ಹಾಕಿದೆ. ಎರೆಹುಳು ನಾನೇ.

ಯಜಮಾನರು ಊಟಕ್ಕೆ ಹೋದ ಮೇಲೆ ಡ್ರಾಯರ್‌ನಿಂದ ಒಂದು ಪ್ಯಾಕ್ ತೆಗೆದೆ. ಮೆಟ್ಟಿಲ ಹತ್ತಿರ ಹೋಗಿ ಮೀಸೆಯ ಕಿವಿಯ ಬಳಿ ಬಗ್ಗಿ ಹೇಳಿದೆ — "ನೋಡಪ್ಪ, ಈ ಎಮರ್ಜೆನ್ಸಿ ಮಾತ್ರೆ ನಂಗೇ ತಗೋತಿದ್ದೀನಿ. ಯಾರಿಗೂ ಹೇಳ್ಬೇಡ." ತಲೆಯಾಡಿಸಿದ. ಮುಖದಲ್ಲಿ ಒಂದು ಗೆರೆ ಅಲುಗಲಿಲ್ಲ. ಪಕ್ಕಾ ಕಳ್ಳ.

ದುಡ್ಡು ಕಟ್ಟಿ, ನಮ್ಮ ಮನೆ ನಂಬರಿಗೆ ಬಿಲ್ ಮಾಡಿದೆ. ನ್ಯಾಯ ಅಂದರೆ ನ್ಯಾಯ. ಪ್ಯಾಕ್ ನನ್ನ ಬ್ಯಾಗಿನಲ್ಲಿದೆ, ಒಡೆದಿಲ್ಲ. ಗಂಡ ಪರವೂರಿನಲ್ಲಿ ಯಾವುದೋ ಆಸ್ಪತ್ರೆಗೆ ಲಿಫ್ಟ್ ಕೂರಿಸುತ್ತಿದ್ದಾರೆ, ಹೋಗಿ ಮೂರು ವಾರ. ಮನೆಯಲ್ಲಿ ಅತ್ತೆ ಒಬ್ಬರೇ. ಸುದ್ದಿ ಹೊರಬಿದ್ದರೆ ಮೊದಲು ಅತ್ತೆಯ ಕಿವಿಗೇ ಬೀಳಬೇಕು. ಅವರ ಕಿವಿ ತಪ್ಪಿಸಿಕೊಂಡ ಸುದ್ದಿ ಈ ಬಡಾವಣೆಯಲ್ಲಿ ಇದುವರೆಗೆ ಒಂದೂ ಇಲ್ಲ. ಅವರು ಕೇಳಿದ ದಿನ ಮೀಸೆಯ ಕಥೆ ಮುಗಿಯಿತು.

ಮಾರ್ಚ್ 12, ಬುಧವಾರ

ಅತ್ತೆ ಏನೂ ಕೇಳಲಿಲ್ಲ. ಮಂಡಿನೋವಿನ ಮುಲಾಮು ಮಾತ್ರ ಕೇಳಿದರು.

ಗಂಡನ ಫೋನ್ ನಿನ್ನೆ ಬರಲಿಲ್ಲ. ಇವತ್ತು ನಾನೇ ಮಾಡಿದೆ. "ಹೂಂ. ಊಟ ಆಯ್ತು. ಕೆಲಸ ಇದೆ, ಇಡ್ತೀನಿ." ಇಷ್ಟೇ. ಹುಷಾರಿಲ್ಲವೋ ಏನೋ. ಅಥವಾ ಅಲ್ಲಿ ಏನಾದರೂ... ಥೂ, ನನ್ನ ಬುದ್ಧಿಯೇ.

ಮಾರ್ಚ್ 15, ಶನಿವಾರ. ಸಂಜೆ 6

ಗಂಡ ಬಂದಿದ್ದಾರೆ. ಹೇಳದೆ ಕೇಳದೆ. ಕೆಲಸ ಅರ್ಧಕ್ಕೆ ಬಿಟ್ಟು.

ಅಂಗಡಿಯಿಂದ ಮನೆಗೆ ಹೋದರೆ ಕುರ್ಚಿಯಲ್ಲಿ ಕೂತಿದ್ದಾರೆ, ಶೂಸ್ ಕೂಡ ಬಿಚ್ಚಿಲ್ಲ. ನಗಲಿಲ್ಲ. ನಾನು ಟೀ ಇಡುವಾಗ ಸಿಂಕಿನಲ್ಲಿರುವ ಲೋಟಗಳನ್ನು ನೋಡುತ್ತಿದ್ದರು. ಬಾಗಿಲ ಹಿಂದಿನ ಚಪ್ಪಲಿಗಳನ್ನು ನೋಡುತ್ತಿದ್ದರು. ಆ ನೋಟ ನನಗೆ ಚೆನ್ನಾಗಿ ಗೊತ್ತು. ಅದು ನನ್ನದೇ ನೋಟ. ಒಂದು ವಾರದಿಂದ ಮೀಸೆಯ ಮೇಲೆ ನಾನು ಬಿಟ್ಟಿರುವುದು ಅದನ್ನೇ.

ಟೀ ಕುಡಿಯಲಿಲ್ಲ. "ಯಾರು?" ಅಂದರು.

"ಯಾರು ಅಂದ್ರೆ?"

"ನಾನು ಮೂರು ವಾರದಿಂದ ಊರಲ್ಲಿಲ್ಲ. ಆ ಮಾತ್ರೆ ಯಾರಿಗೋಸ್ಕರ ತಗೊಂಡೆ?"

ಮೊದಲು ನಗು ಬಂತು ನನಗೆ. ಹಾಳು ನಗು, ಆ ಹೊತ್ತಿಗೆ ಬರಬೇಕೇ? ಬಲೆಗೆ ಬಿತ್ತಲ್ಲ ಅನ್ನುವ ಖುಷಿಗೆ ಬಂದ ನಗು. ಅವರಿಗೆ ಅದು ಹೇಗೆ ಕಂಡಿತೋ. ಎದ್ದು ಹೊರಗೆ ಹೋದರು. ಇನ್ನೂ ಬಂದಿಲ್ಲ.

ಮೀಸೆ ನನ್ನ ಗಂಡನಿಗೇ ಫೋನ್ ಮಾಡಿದ್ದಾನೆ! ಎಷ್ಟು ಧೈರ್ಯ!

ಮಾರ್ಚ್ 17, ಸೋಮವಾರ. ಮಧ್ಯಾಹ್ನ

ಬೆಳಗ್ಗೆ ಶಟರ್ ಎತ್ತಿದ ಕೂಡಲೇ ಅವನನ್ನು ಹಿಡಿದುಕೊಂಡೆ. ಗಿರಾಕಿಗಳಿದ್ದರು, ಯಜಮಾನರಿದ್ದರು, ನರ್ಸಮ್ಮ ಇದ್ದಳು. ಬಾಯಿಗೆ ಬಂದ ಹಾಗೆ ಅಂದೆ. ಹೆಂಗಸರ ಸಂಸಾರ ಹಾಳುಮಾಡುವವನು ಅಂದೆ. ಆ ಮೀಸೆ ಇಟ್ಟುಕೊಳ್ಳುವ ಯೋಗ್ಯತೆ ಇಲ್ಲ ಅಂದೆ. ರಸ್ತೆಯ ಆಚೆ ಟೈಲರಕ್ಕ ಮಷೀನ್ ನಿಲ್ಲಿಸಿ ಎದ್ದು ನಿಂತಿದ್ದಳು. ಅವಳಿಗೆ ಕೇಳಲಿ ಅಂತಲೇ ಇನ್ನಷ್ಟು ಜೋರು ಮಾಡಿದೆ.

ಅವನ ಮುಖ ಕೆಂಪಾಯಿತು. ಕೋಟು ಬಿಚ್ಚಿ ಕೌಂಟರ್ ಮೇಲೆ ಮಡಿಸಿಟ್ಟ, ನೀಟಾಗಿ. ಹೋದ.

ಈಗ ಅಂಗಡಿ ತಣ್ಣಗಿದೆ. ಯಜಮಾನರು "ನಮ್ಮ ಮರ್ಯಾದೆ ಉಳಿಸಿದ್ರಿ" ಅಂದರು. ಆ ಮಡಿಸಿಟ್ಟ ಕೋಟಿನ ಕಡೆಗೇ ಕಣ್ಣು ಹೋಗುತ್ತಿದೆ. ಗೆದ್ದವಳಿಗೆ ಹೀಗಾಗಬಾರದು.

ಮಾರ್ಚ್ 18, ಮಂಗಳವಾರ. ಬೆಳಗ್ಗೆ 7

ಶನಿವಾರ ತಡರಾತ್ರಿ ಮನೆಗೆ ವಾಪಸು ಬಂದಿದ್ದ ಗಂಡನನ್ನು ನಿನ್ನೆ ಸಂಜೆ ಕೂರಿಸಿ ಎಲ್ಲ ಹೇಳಿದೆ. ಟೈಲರಕ್ಕ, ತುಟಿ, ಬಲೆ, ಮೀಸೆ. ಬ್ಯಾಗಿನಿಂದ ಪ್ಯಾಕ್ ತೆಗೆದು ತೋರಿಸಿದೆ — ಸೀಲ್ ಒಡೆದಿಲ್ಲ ನೋಡಿ.

"ಒಂದನ್ನ ತೋರಿಸ್ತಿದ್ದೀಯ. ಎರಡು ತಗೊಂಡಿದ್ರೆ?"

ಆ ಪ್ರಶ್ನೆ ನಾನಾದರೂ ಕೇಳುತ್ತಿದ್ದೆ. ಬಾಗಿಲಲ್ಲಿ ನಿಂತು ಕೇಳುತ್ತಿದ್ದ ಅತ್ತೆ ಒಳಗೆ ಬಂದರು.

"ಏನೋ ಅದು ಮಾತ್ರೆ?"

ಹೇಳಿದೆ. ಮಗನ ಕಡೆ ತಿರುಗಿದರು. "ನಮ್ಮ ಕಾಲದಲ್ಲಿ ಅದೊಂದು ಇದ್ದಿದ್ರೆ ನೀನು ಇಲ್ಲಿ ಕೂತು ಅವಳನ್ನ ಪ್ರಶ್ನೆ ಕೇಳ್ತಿರಲಿಲ್ಲ, ತಿಳ್ಕೋ. ಏಳು, ಊಟ ಮಾಡು."

ಗಂಡ ಎದ್ದರು. ಆಗ ನಾನು ಕೇಳಿದೆ, ಮೀಸೆ ಫೋನಿನಲ್ಲಿ ಏನೇನು ಹೇಳಿದ ಅಂತ.

"ಯಾವ ಮೀಸೆ? ನಂಗೆ ಯಾವ ಮೀಸೆನೂ ಫೋನ್ ಮಾಡಿಲ್ಲ. ನಿಮ್ಮ ಅಂಗಡಿನೇ ಹೇಳ್ತು."

ಫೋನ್ ಮುಂದೆ ಹಿಡಿದರು. ಮೆಸೇಜ್. ನಮ್ಮ ಅಂಗಡಿಯ ಹೆಸರು, ಮಾತ್ರೆಯ ಹೆಸರು ಪೂರ್ತಿಯಾಗಿ, "ಕೊಂಡದ್ದಕ್ಕೆ ಧನ್ಯವಾದಗಳು. ನಿಮ್ಮ ಕುಟುಂಬದ ಆರೋಗ್ಯವೇ ನಮ್ಮ ಸಂತೋಷ." ಕೆಳಗೆ ಎರಡು ಪಾಯಿಂಟ್ ಸೇರಿದೆ ಅಂತ.

ಪಾಯಿಂಟಿನ ಮೆಸೇಜ್ ಹೋಗುತ್ತದೆ ಅಂತಷ್ಟೇ ಗೊತ್ತಿತ್ತು ನನಗೆ. ಔಷಧಿಯ ಹೆಸರನ್ನೂ ಹೊತ್ತುಕೊಂಡು ಹೋಗುತ್ತದೆ ಅಂತ ಗೊತ್ತಿರಲಿಲ್ಲ. ನಮ್ಮ ಮನೆ ನಂಬರ್ ಅಂತ ನಾನು ಒತ್ತಿದ್ದು ಗಂಡನ ನಂಬರ್. ಟೈಲರಕ್ಕನ ಮನೆ ನಂಬರ್ ಅಂತ ಒತ್ತಿದ್ದು...

ಅವಳು ಕೊಟ್ಟಿರಲಿಲ್ಲ. ನಾನು ಕೇಳಿರಲಿಲ್ಲ. ಬೆರಳು ತಾನಾಗಿ ಒತ್ತಿತ್ತು. ಹೋದ ತಿಂಗಳ ಆ ಇನ್ನೊಬ್ಬಳದೂ ನಾನೇ ಒತ್ತಿರಬೇಕು.

ರಸ್ತೆಯ ಹೆಂಗಸರನ್ನೆಲ್ಲ ಅವರವರ ಗಂಡಂದಿರ ಕೈಗೆ ಹಿಡಿದುಕೊಟ್ಟಿದ್ದು ನಾನು. ಪಾಯಿಂಟ್ ಸಮೇತ.

ಮಾರ್ಚ್ 24, ಸೋಮವಾರ

ಇಷ್ಟು ದಿನ ಬರೆಯಲು ಕೈ ಬರಲಿಲ್ಲ.

ಗಂಡ ಕೆಲಸಕ್ಕೆ ವಾಪಸು ಹೋದರು. "ನಂಬಿದ್ದೀನಿ ಮಾರಾಯ್ತಿ" ಅಂದರು. ಈಗ ದಿನಕ್ಕೆ ಮೂರು ಸಲ ಫೋನ್ ಮಾಡುತ್ತಾರೆ. ಮೊದಲು ಒಂದೇ ಸಲ ಇತ್ತು. ಪ್ರೀತಿ ಹೆಚ್ಚಾಗಿದೆಯೋ, ಹಾಜರಿ ತೆಗೆದುಕೊಳ್ಳುತ್ತಿದ್ದಾರೋ. ತಪ್ಪೇ ಮಾಡದ ನನಗೇ ಇಷ್ಟು ಉಸಿರು ಕಟ್ಟುತ್ತದೆ. ನನ್ನ ಬಳಿ ಹೇಳಿಕೊಳ್ಳಲು ಒಂದು ಕಥೆಯಾದರೂ ಇತ್ತು. ಟೈಲರಕ್ಕ ಯಾವ ಕಥೆ ಹೇಳಬೇಕಿತ್ತು? ಬೇಡ ಅನ್ನಿಸಿತು ಅನ್ನುವುದು ಸಾಲದಾಯಿತು.

ಯಜಮಾನರಿಗೆ ವಿಷಯ ಹೇಳಿದೆ. ಮೆಸೇಜ್ ನಿಲ್ಲಿಸಿ ಅಂದೆ. ಕನ್ನಡಕ ಒರೆಸಿಕೊಂಡರು. "ಮೆಸೇಜ್ ಬಂದಾಗಿಂದ ಬಿ.ಪಿ., ಶುಗರ್ ಗಿರಾಕಿಗಳು ತಪ್ಪದೆ ಬರ್ತಿದ್ದಾರೆ. ನಾಲ್ಕು ಜನಕ್ಕೋಸ್ಕರ ಅದನ್ನ ಕೀಳಿಸೋಕಾಗುತ್ತಾ? ಮುಚ್ಚಿಡೋ ಅಂಥದ್ದು ತಗೊಳ್ಳೋರು ಯಾಕೆ ತಗೋಬೇಕು?" ಮುಚ್ಚಿಟ್ಟಿರುವುದು ಇವರೇ, ಡ್ರಾಯರಿನಲ್ಲಿ, ರಬ್ಬರ್ ಸ್ಟಾಂಪಿನ ಹಿಂದೆ. ಅದನ್ನು ಹೇಳಿದೆ. ಪೇಪರ್ ಬಿಡಿಸಿಕೊಂಡರು.

ಸುಳ್ಳು ನಂಬರ್ ಒತ್ತಿ ನೋಡಿದೆ. ಕಂಪ್ಯೂಟರ್ ಒಪ್ಪುವುದಿಲ್ಲ, ರಿಜಿಸ್ಟರ್ ಆದ ನಂಬರೇ ಬೇಕಂತೆ. ಹೊಸದು ಸೇರಿಸಬೇಕಾದರೆ ಆ ಫೋನೇ ಎದುರಿಗಿರಬೇಕಂತೆ.

ಮೀಸೆಯ ಮನೆ ಹುಡುಕಿಕೊಂಡು ಹೋದೆ. ಬಾಗಿಲು ತೆಗೆದವನು ಹಿಂದಕ್ಕೆ ಸರಿದ, ಹೊಡೆಯುತ್ತೇನೇನೋ ಅಂತ. ಕೈ ಮುಗಿದೆ. ತಪ್ಪು ನನ್ನದು, ನಿನ್ನದಲ್ಲ, ಯಜಮಾನರಿಗೂ ನರ್ಸಮ್ಮನಿಗೂ ಹೇಳಿದ್ದೇನೆ, ಕೆಲಸಕ್ಕೆ ಬಾ ಅಂದೆ.

"ನಾನು ಯಾರಿಗೂ ಏನೂ ಹೇಳಿಲ್ಲ ಮೇಡಂ."

"ಗೊತ್ತಾಯ್ತಪ್ಪ. ನಾನು ನಿನ್ನ ಕಿವಿಯಲ್ಲಿ ಹೇಳಿದ ಗುಟ್ಟನ್ನೂ ನೀನು ಹೇಳಿಲ್ಲ."

"ಯಾವ ಗುಟ್ಟು?" ನಿಜವಾಗಿಯೂ ಗಾಬರಿ ಅವನಿಗೆ. "ಮೆಟ್ಟಿಲ ಹತ್ತಿರನಾ? ಇಯರ್‌ಫೋನ್ ಹಾಕ್ಕೊಂಡಿದ್ದೆ ಮೇಡಂ, ಮ್ಯಾಚ್ ಇತ್ತು. ಸುಮ್ನೆ ತಲೆ ಆಡಿಸ್ದೆ."

ದಾರಿಯುದ್ದಕ್ಕೂ ನಗು, ಅಳು ಎರಡೂ. ಶೆಲ್ಫ್ ಯಾಕೆ ಒರೆಸುತ್ತಿದ್ದ ಅಂತಲೂ ಕೇಳಿಬಿಟ್ಟಿದ್ದೆ. ಹೆಂಗಸರು ಇವನಿದ್ದರೆ ಸಂಕೋಚಪಡುತ್ತಾರಲ್ಲ, ಅದಕ್ಕೆ ಬೆನ್ನು ತಿರುಗಿಸುತ್ತಿದ್ದನಂತೆ.

ಮಾರ್ಚ್ 26, ಬುಧವಾರ. ಸಂಜೆ

ಎರಡು ದಿನ ರಸ್ತೆ ದಾಟಲು ಧೈರ್ಯ ಸಾಲದೆ ಇವತ್ತು ದಾಟಿದೆ. ಟೈಲರಕ್ಕ ಬಾಯಿಯಲ್ಲಿ ಗುಂಡುಪಿನ್ನು ಕಚ್ಚಿಕೊಂಡು ಬಟ್ಟೆಗೆ ಚುಚ್ಚುತ್ತಿದ್ದಳು. ನಿಂತಲ್ಲೇ ಹೇಳಿದೆ. ಮೀಸೆಯಲ್ಲ, ನಾನು. ಬಾಯಿಂದಲ್ಲ, ಬೆರಳಿಂದ. ಬೇಕಂತ ಅಲ್ಲ. ಅಭ್ಯಾಸ.

ಪಿನ್ನುಗಳನ್ನು ಒಂದೊಂದಾಗಿ ಬಾಯಿಂದ ತೆಗೆದು ಡಬ್ಬಿಗೆ ಹಾಕಿದಳು. ಬೈಯುತ್ತಾಳೆ ಅಂತ ಕಾದೆ. ಬೈದಿದ್ದರೆ ಚೆನ್ನಾಗಿತ್ತು.

"ಆ ಬೋರ್ಡು ನೋಡಿ ಮೇಡಂ."

ತಿರುಗಿ ನೋಡಿದೆ. ಅವಳ ಅಂಗಡಿಯ ಬೋರ್ಡು. ಅದರ ಮೇಲೆ ಕೆಂಪು ಬಣ್ಣದಲ್ಲಿ ಹತ್ತು ಅಂಕಿ, ಅಂಗೈಯಗಲ.

"ಅದು ನನ್ನ ನಂಬರು. ನನ್ನ ದುಡಿಮೆ ದುಡ್ಡಲ್ಲಿ ತಗೊಂಡಿದ್ದು. ನಿಮ್ಮ ಕೌಂಟರಿಂದ ಕಾಣುತ್ತೆ. ಒಂದು ದಿನಾನಾದ್ರೂ ನಿಮಗೆ ಅದು ಕಾಣಿಸ್ತಾ?"

ಇಲ್ಲ. ಎಂಟು ವರ್ಷದಿಂದ ಎದುರಿಗಿದೆ. ಕಾಣಿಸಿರಲಿಲ್ಲ.

"ತಾರೀಖು ದಾಟಿ ನಾಲ್ಕು ದಿನ ಆಯ್ತು" ಅಂದಳು. ನನ್ನ ಕಡೆ ನೋಡದೆ. "ಅವ್ರು ಖುಷಿಯಾಗಿದ್ದಾರೆ. ಈಗಲೇ ಊರಿಗೆಲ್ಲ ಹೇಳ್ಕೊಂಡು ಓಡಾಡ್ತಿದ್ದಾರೆ."

ಕ್ಷಮಿಸಿ ಅಂದೆ. ಅದು ಎಷ್ಟು ಬಡಕಲು ಮಾತು ಅಂತ ಆಡಿದ ಮೇಲೆ ಗೊತ್ತಾಯಿತು. ನಿಜ ಹೇಳಬೇಕೆಂದರೆ ಹೆದರಿಕೆಯಾಗುತ್ತಿದೆ. ಅವಳಿಗಾಗಿ, ಮತ್ತೆ ನನಗಾಗಿಯೂ.

ಮಾರ್ಚ್ 28, ಶುಕ್ರವಾರ. ಮಧ್ಯಾಹ್ನ 12.40

ಟೈಲರಕ್ಕ ಬಂದಳು! ನಮ್ಮ ಅಂಗಡಿಗೇ. ಯಜಮಾನರು ಗಲ್ಲಾದಲ್ಲಿ, ಮತ್ತೆ ಕೆಲಸಕ್ಕೆ ಬಂದಿರುವ ಮೀಸೆ ಶೆಲ್ಫ್ ಹತ್ತಿರ, ಮೂವರು ಗಿರಾಕಿಗಳು. ತೂಕದ ಮಷೀನ್ ಕಡೆ ಹೋಗಲಿಲ್ಲ. ಎಲ್ಲರೂ ಹೋಗಲಿ ಅಂತ ಕಾಯಲಿಲ್ಲ.

"ಪ್ರೆಗ್ನೆನ್ಸಿ ಟೆಸ್ಟ್ ಕಿಟ್ ಒಂದು ಕೊಡಿ."

ಜೋರಾಗಿಯೇ. ಮೀಸೆ ಬೆನ್ನು ತಿರುಗಿಸಿ ಒರೆಸತೊಡಗಿದ. ಕಿಟ್ ಕವರಿಗೆ ಹಾಕಿದೆ. ಕಂಪ್ಯೂಟರ್ ನಂಬರ್ ಕೇಳಿತು. ಈ ಸಲ ನಾನೂ ಕೇಳಿದೆ — "ಯಾವ ನಂಬರ್ ಹಾಕ್ಲಿ ಅಕ್ಕ?"

"ಯಾವುದೂ ಬೇಡ. ನಂದೂ ಬೇಡ. ನನ್ನ ಫೋನೂ ಅವ್ರು ನೋಡ್ತಾರೆ ಈಗ."

"ನಂಬರ್ ಇಲ್ದೆ ಬಿಲ್ ಆಗಲ್ಲಮ್ಮ" ಅಂದರು ಯಜಮಾನರು, ಪೇಪರಿನಿಂದ ತಲೆ ಎತ್ತದೆ. "ಬಿಲ್ ಇಲ್ದೆ ನಾವು ಏನೂ ಕೊಡಲ್ಲ. ರೂಲ್ಸು."

ರೂಲ್ಸು. ಸರಿ. ಹತ್ತು ಅಂಕಿ ಒತ್ತಿದೆ. ಬಿಲ್ ಬಂತು. ಟೈಲರಕ್ಕ ಕವರ್ ಕೈಗೆ ತೆಗೆದುಕೊಳ್ಳುವಷ್ಟರಲ್ಲಿ ಯಜಮಾನರ ಫೋನ್ ರಿಂಗಾಯಿತು. ಅವರ ಮನೆಯವರು. ಅವರ ಮನೆ ನಂಬರೂ ನನಗೆ ಬಾಯಿಪಾಠ.

"ಏನೇ?... ಯಾವ ಕಿಟ್ಟು?... ಇಲ್ಲ ಕಣೇ, ನಾನಲ್ಲ... ಅಂಗಡಿದು... ಅಂಗಡಿದು ಅಂದ್ರೆ ಅಂಗಡಿದಲ್ಲ... ಯಾರಿಗೆ ಅಂದ್ರೆ, ಯಾರಿಗೂ ಅಲ್ಲ! ಹೇಳೋದು ಕೇಳು..." ಫೋನ್ ಹಿಡಿದುಕೊಂಡು ಮೆಟ್ಟಿಲಿಳಿದರು. ಮುಖ ಸುಟ್ಟ ಬದನೆಕಾಯಿ. ಮೀಸೆಯ ಬೆನ್ನು ಕುಲುಕುತ್ತಿತ್ತು.

ಟೈಲರಕ್ಕ ನಕ್ಕಳು. ಒಡೆದಿದ್ದ ತುಟಿಯನ್ನು ಬೆರಳಿನಿಂದ ಒತ್ತಿಕೊಂಡು ನಕ್ಕಳು. ಆಮೇಲೆ ಕವರ್ ಹಿಡಿದು ರಸ್ತೆ ದಾಟಿದಳು.

1.05

ಅವಳ ಅಂಗಡಿ ಬಾಗಿಲು ಒಳಗಿನಿಂದ ಹಾಕಿದೆ. ಯಜಮಾನರು ಇನ್ನೂ ಮೆಟ್ಟಿಲ ಕೆಳಗೆ, "ಇವತ್ತೇ ತೆಗೆಸ್ತೀನಿ ಕಣೇ ಆ ಹಾಳು ಮೆಸೇಜನ್ನ" ಅನ್ನುತ್ತಿದ್ದಾರೆ. ತೆಗೆಸುವ ತನಕ ನಂಬುವುದಿಲ್ಲ. ಅಲ್ಲಿಯ ತನಕ ಯಾರು ಏನು ಕೇಳಿದರೂ ಅದೇ ಹತ್ತು ಅಂಕಿ. ಕೆಲಸ ಹೋದರೆ ಹೋಗಲಿ.

1.20

ಬಂದಳು. ನನ್ನನ್ನು ಔಷಧಿ ಡಬ್ಬಗಳ ಹಿಂದಕ್ಕೆ ಕರೆದಳು. ಕರವಸ್ತ್ರದಲ್ಲಿ ಸುತ್ತಿದ್ದನ್ನು ಕೈಗಿಟ್ಟಳು. "ಕಣ್ಣೆಲ್ಲ ಮಂಜಾಗಿದೆ. ನೀವೇ ನೋಡಿ ಹೇಳಿ ಮೇಡಂ."

ನೋಡಿದೆ. ಕಿಟಕಿಯ ಬೆಳಕಿಗೆ ಹಿಡಿದು ಇನ್ನೊಮ್ಮೆ ನೋಡಿದೆ. ಹೇಳಿದೆ. ಇಬ್ಬರೂ ಕೈ ಹಿಡಿದುಕೊಂಡು ನಿಂತೆವು. ಮುಂದೇನು ಅನ್ನುವುದನ್ನೂ ಮಾತಾಡಿದೆವು. ಅವಳು ಏನು ಬಯಸುತ್ತಾಳೆ ಅಂತ ಕೇಳಿದೆ, ಹೇಳಿದಳು. ಜೊತೆಗಿರುತ್ತೇನೆ ಅಂದೆ.

ಗೆರೆ ಒಂದೋ ಎರಡೋ, ಇಲ್ಲಿ ಬರೆಯುವುದಿಲ್ಲ. ಈ ಪುಸ್ತಕ ನನ್ನದು, ಯಾರೂ ಓದುವುದಿಲ್ಲ, ಆದರೂ ಇಲ್ಲ. ಅದು ಅವಳ ಸುದ್ದಿ. ಹೇಳುವುದಾದರೆ ಅವಳೇ ಹೇಳಲಿ.